ಧಕ್ಕೆಗೆ ಎಷ್ಟು ದೂರ

ಅಣ್ಣ ದಾರಿ ತಪ್ಪಿದ ದಿನ ದೋಣಿಯಲ್ಲಿ ನಾನೂ ಇದ್ದೆ. ಅದನ್ನು ಅವನು ಯಾರಿಗೂ ಹೇಳಲಿಲ್ಲ; ನಾನೂ ಹೇಳಲಿಲ್ಲ. ಅರ್ಧ ಗಂಟೆಯ ದಾರಿಗೆ ನಾಲ್ಕು ಗಂಟೆ ತಿರುಗಿ, ಪೆಟ್ರೋಲ್ ತಳ ಕಾಣುವ ಹೊತ್ತಿಗೆ ಯಾರದೋ ಮೀನಿನ ದೋಣಿಯ ಬೆನ್ನು ಹಿಡಿದು, ಊರಿನ ದೋಣಿಗಳನ್ನು ಕಟ್ಟುವ ಧಕ್ಕೆ ಸೇರಿದೆವು. ಕಂಬಕ್ಕೆ ಹಗ್ಗ ಸುತ್ತುವಾಗ ಎರಡು ಸಲ ಗಂಟು ತಪ್ಪಿದ. "ಬಿಸಿಲು ಕಣ್ಣಿಗೆ ಹೊಡೀತು," ಎಂದ. ಅಂದು ಬಿಸಿಲೇ ಇರಲಿಲ್ಲ.

ಅಣ್ಣನ ಹೆಸರು ಅಚ್ಯುತ. ಮೂವತ್ತೊಂದು ವರ್ಷ ಜನರನ್ನು ದಾಟಿಸುವ ಊರಿನ ಲಾಂಚು ನಡೆಸಿ ನಿವೃತ್ತನಾದವನು. ನಮ್ಮ ಹಿನ್ನೀರಿನಲ್ಲಿ ಹನ್ನೊಂದು ಕುದ್ರುಗಳಿವೆ. ಕುದ್ರು ಎಂದರೆ ನಡುಗಡ್ಡೆ. ಸಂಜೆ ಇದ್ದಲ್ಲಿ ಅವು ಬೆಳಿಗ್ಗೆ ಇರುವುದಿಲ್ಲ. ಒಂದು ದಿನ ಕಾಗೆಕುದ್ರು ಧಕ್ಕೆಯ ಎದುರಿಗೇ ಬಂದು ನಿಂತಿರುತ್ತದೆ, ಮರುದಿನ ಅದನ್ನು ಹುಡುಕಲು ಬಡಗಣ ಮೂಲೆಗೆ ಹೋಗಬೇಕು. ಕುದ್ರುವಿನಲ್ಲಿ ಮನೆ ಮಾಡಿದವರು ಉದ್ದನೆಯ ಬಿದಿರಿಗೆ ತಮ್ಮ ತಮ್ಮ ಬಣ್ಣದ ಬಟ್ಟೆ ಕಟ್ಟುತ್ತಾರೆ. ಮದುವೆಯ ಕಾಗದದಲ್ಲಿ "ಅಂದು ಕುದ್ರು ಇರುವಲ್ಲಿ" ಎಂದು ಅಚ್ಚು ಹಾಕಿಸುತ್ತಾರೆ. ಅಂಚೆಯವನು ಪತ್ರದ ಮೇಲೆ ಹೆಸರು ಮಾತ್ರ ಓದುತ್ತಾನೆ. ಬೆಳಗಾದ ಕೂಡಲೇ ಧಕ್ಕೆಯ ಗುಮಾಸ್ತ ದುರ್ಬೀನು ಹಿಡಿದು ನೋಡಿ, ಯಾವ ಕುದ್ರು ಎಲ್ಲಿದೆಯೆಂದು ಕಪ್ಪು ಹಲಗೆಯ ಮೇಲೆ ಬರೆಯುತ್ತಾನೆ. ಅದನ್ನು ಓದಿಕೊಂಡು ಊರು ಕೆಲಸಕ್ಕೆ ಹೊರಡುತ್ತದೆ.

ಹಗಲಿನಲ್ಲಿ ಕುದ್ರುಗಳು ಕದಲುವುದಿಲ್ಲ. ಇದನ್ನು ಎಲ್ಲರಿಗೂ ಹೇಳಿಕೊಟ್ಟವನು ನನ್ನ ಅಣ್ಣನೇ. ಲಾಂಚು ಹತ್ತಿದ ಹೊಸ ಸೊಸೆಯಂದಿರು, ಮಗುವನ್ನು ಮಡಿಲಲ್ಲಿ ಅವುಚಿಕೊಂಡ ಬಾಣಂತಿಯರು ಹೆದರಿದಾಗ ಅವನು ಚುಕ್ಕಾಣಿಯ ಬಳಿಯಿಂದಲೇ ಕೂಗುತ್ತಿದ್ದ: "ಹಗಲು ಹೊತ್ತು ಎಂತ ಹೆದರಿಕೆ? ಸೂರ್ಯ ಇರುವಷ್ಟು ಹೊತ್ತು ಕುದ್ರು ಕಲ್ಲಿದ್ದ ಹಾಗೆ!" ಅವನು ಹೇಳಿದ ಮೇಲೆ ಮುಗಿಯಿತು. ಊರು ಪಂಚಾಂಗವನ್ನಾದರೂ ಸಂಶಯಿಸೀತು, ಅಚ್ಯುತನನ್ನು ಸಂಶಯಿಸುತ್ತಿರಲಿಲ್ಲ.

ನಿವೃತ್ತನಾದ ಮೇಲೆ ಅವನು ಒಂದು ಸಣ್ಣ ಫೈಬರ್ ದೋಣಿ ಇಟ್ಟುಕೊಂಡ. ಭಾನುವಾರ ನನ್ನ ಕನ್ನಡಕದ ಅಂಗಡಿಗೆ ರಜೆ. ಇಬ್ಬರೂ ಹೊರಟುಬಿಡುತ್ತಿದ್ದೆವು. ಕೆಲಸವಿಲ್ಲ, ಗುರಿಯಿಲ್ಲ, ಸುಮ್ಮನೆ ನೀರಿನ ಮೇಲೆ ತಿರುಗುವ ಖುಷಿ. ನನ್ನ ಗಂಡ ತೀರಿಕೊಂಡ ಮೇಲೆ ವಾರದಲ್ಲಿ ನಾನು ಬಾಯಿ ಬಿಟ್ಟು ನಗುತ್ತಿದ್ದದ್ದು ಆ ದೋಣಿಯಲ್ಲಿ ಮಾತ್ರ.

ದಾರಿ ತಪ್ಪಿದ ಮರುದಿನ ಅಣ್ಣನನ್ನು ಅಂಗಡಿಗೆ ಕರೆದು ಕಣ್ಣು ಪರೀಕ್ಷಿಸಿದೆ. ಕೊನೆಯ ಸಾಲಿನ ಅಕ್ಷರಗಳನ್ನೂ ತಡವರಿಸದೆ ಓದಿದ. ಕಣ್ಣು ಸರಿಯಿತ್ತು. ನನಗೆ ಭಯವಾದದ್ದು ಅದರಿಂದಲೇ. ಕಣ್ಣಿನ ದೋಷವಾಗಿದ್ದರೆ ಅದಕ್ಕೆ ನನ್ನಲ್ಲಿ ಗಾಜಿತ್ತು.

ಧಕ್ಕೆಯ ಹಿಂದೆ ಮೊಯ್ದಿನಬ್ಬನ ಅಂಗಡಿ ಇದೆ. ಬಲೆ, ಹಗ್ಗ, ಎಂಜಿನ್ನಿನ ಬಿಡಿಭಾಗ ಮಾರುವ ಜಾಗ. ಅವನ ಬಳಿ ಹೋಗಿ ಒಂದು ಜಿಪಿಎಸ್ ಬೇಕು ಎಂದೆ. ಕೈಯಲ್ಲಿ ಹಿಡಿಯುವಂಥದ್ದು, ದುಬಾರಿಯದ್ದಲ್ಲ.

"ಯಾರಿಗೆ? ಅಚ್ಯುತಣ್ಣನಿಗಾ?" ಎಂದು ಅವನು ಮುಖ ನೋಡಿದ.

"ನನಗೆ."

ಮೊಯ್ದಿನಬ್ಬ ಒಳಗೆ ಹೋದ. ಮೂರು ಯಂತ್ರಗಳನ್ನು ತಂದು ಮೇಜಿನ ಮೇಲಿಟ್ಟ. ಮೊದಲನೆಯದಕ್ಕೆ ಅಗಲವಾದ ಬಣ್ಣದ ಪರದೆ. ಒಳಗೆ ನಕ್ಷೆಯೇ ಇತ್ತು: ನೀಲಿ ಹಿನ್ನೀರು, ಹಸಿರು ಕುದ್ರುಗಳು, ಅವುಗಳ ಹೆಸರು. ನನಗೆ ಆಸೆಯಾಯಿತು.

"ಚಂದ ಉಂಟಲ್ವಾ?" ಎಂದ ಅವನು. "ನಮ್ಮೂರಿಗೆ ಇದು ಬೇಡ ಅಕ್ಕ. ಈ ನಕ್ಷೆ ಮಾಡಿದವ ಯಾವಾಗಲೋ ಒಂದು ದಿನ ಬಂದು ಮಾಡಿ ಹೋದದ್ದು. ಇದರಲ್ಲಿ ಬರೀ ನೀರು ಅಂತ ಕಾಣುವಲ್ಲಿ ಇವತ್ತು ಕಲ್ಲುದಂಡೆ ಇರ್ತದೆ. ಪರದೆ ನೋಡ್ತಾ ಹೋದವನ ದೋಣಿ ಸೀದಾ ಹೋಗಿ ಹೊಡೀತದೆ."

ಎರಡನೆಯದನ್ನು ಒಂದು ಬಕೆಟ್ ನೀರಿಗೆ ಹಾಕಿದ. ಅದು ಗುಳುಕ್ಕೆಂದು ತಳ ಸೇರಿತು. "ನೀರು ಒಳಗೆ ಹೋಗುದಿಲ್ಲ, ಅದು ಸತ್ಯ. ಆದ್ರೆ ಕೈಜಾರಿದ್ರೆ ಹಿನ್ನೀರಿನ ತಳದಲ್ಲಿ ಕೂತು ಸರಿಯಾಗಿ ಕೆಲಸ ಮಾಡ್ತಾ ಇರ್ತದೆ. ಎಂತ ಪ್ರಯೋಜನ?" ಮೂರನೆಯದು ಹಳದಿ ಬಣ್ಣದ್ದು, ಸಾಬೂನಿನ ಡಬ್ಬಿಯಷ್ಟು ದಪ್ಪ, ಪರದೆ ಚಿಕ್ಕದು, ಗುಂಡಿಗಳು ದೊಡ್ಡವು. ಅದನ್ನು ಹಾಕಿದಾಗ ಮುಳುಗಿ ಮೇಲೆದ್ದು ತೇಲಿತು. ಒದ್ದೆ ಕೈಯಿಂದಲೇ ಗುಂಡಿಗಳನ್ನು ಒತ್ತಿ ತೋರಿಸಿದ. ಹೊರಗೆ ಬಿಸಿಲಿಗೆ ಹಿಡಿದ; ಕಪ್ಪು ಅಂಕಿಗಳು ಇನ್ನೂ ಸ್ಪಷ್ಟವಾದವು. ಯಾವ ಕಿರಾಣಿ ಅಂಗಡಿಯಲ್ಲೂ ಸಿಗುವ ಎರಡು ಸೆಲ್ ಸಾಕಿತ್ತು.

"ಮೂರರಲ್ಲಿ ಇದೇ ಅಗ್ಗದ್ದು. ನಕ್ಷೆ ಇಲ್ಲ, ಬಣ್ಣ ಇಲ್ಲ. ನೀವು ಗುರುತು ಹಾಕಿದ ಜಾಗ ಎಷ್ಟು ದೂರ, ಯಾವ ಕಡೆ, ಅಷ್ಟೇ ಹೇಳ್ತದೆ. ಗುರುತು ಮಾತ್ರ ಓಡಾಡದ ಜಾಗಕ್ಕೆ ಹಾಕಿ. ಧಕ್ಕೆಗೆ ಹಾಕಿ. ಅಳಿವೆಯ ಕಲ್ಲುಕಂಬಕ್ಕೆ ಹಾಕಿ." ಅಳಿವೆ ಎಂದರೆ ಹಿನ್ನೀರು ಸಮುದ್ರಕ್ಕೆ ಸೇರುವ ಬಾಯಿ. ಅಲ್ಲಿ ಮರಳದಿಬ್ಬದ ಮೇಲೆ ಅಲೆಗಳು ಮುರಿಯುತ್ತವೆ. ನಮ್ಮ ದೋಣಿಯಂಥದ್ದು ಅಲ್ಲಿಗೆ ಹೋದರೆ ಮರಳಿ ಬರುವುದಿಲ್ಲ. "ಇನ್ನೊಂದು ವಿಷಯ. ಇದರ ಒಳಗೆ ದಿಕ್ಸೂಚಿ ಇಲ್ಲ. ದೋಣಿ ಓಡ್ತಾ ಇದ್ರೆ ಮಾತ್ರ ಬಾಣ ಸರಿಯಾಗಿ ತೋರಿಸ್ತದೆ. ನಿಂತಿರೋ, ಬಾಣಕ್ಕೆ ತಲೆ ಕೆಡ್ತದೆ. ಆಗ ಅದನ್ನು ನಂಬಬೇಡಿ. ದೂರದ ಅಂಕಿ ಮಾತ್ರ ನೋಡಿ."

ಹಳದಿ ಯಂತ್ರವನ್ನೇ ತೆಗೆದುಕೊಂಡೆ. ಒಂದು ಶನಿವಾರ ಅದೇ ಮೊಯ್ದಿನಬ್ಬನ ತಮ್ಮನ ದೊಡ್ಡ ದೋಣಿಯಲ್ಲಿ ಅಳಿವೆಯವರೆಗೆ ಹೋಗಿ ಕಲ್ಲುಕಂಬಕ್ಕೂ ಗುರುತು ಹಾಕಿ ಬಂದೆ. ಧಕ್ಕೆಯಿಂದ ಕಂಬಕ್ಕೆ ನಾಲ್ಕು ಕಿಲೋಮೀಟರ್.

ಮರುದಿನ ಬೆಳಿಗ್ಗೆ ಅಣ್ಣ ಅದನ್ನು ನನ್ನ ಕೊರಳಲ್ಲಿ ನೋಡಿದ. ಎಂಜಿನ್ನಿನ ಹಗ್ಗ ಎಳೆಯುವ ಮೊದಲು ಕೇಳಿದ, "ನನ್ನ ಜೊತೆ ಬರ್ಲಿಕ್ಕೆ ಹೆದರಿಕೆ ಆಗ್ತದಾ ವಾರಿಜ?"

"ಇಲ್ಲಣ್ಣ. ಸುಮ್ಮನೆ ಇರಲಿ ಅಂತ."

"ಸುಮ್ಮನೆ ಇರಲಿ ಅಂತ ಯಾರೂ ಕೊರಳಿಗೆ ಕಟ್ಟಿಕೊಳ್ಳುದಿಲ್ಲ," ಎಂದು ಅವನು ಹಗ್ಗ ಎಳೆದ.

ಹಲಗೆಯ ಮೇಲೆ ಅಂದು ಹುಣಸೆಕುದ್ರು ಎರಡು ಕಿಲೋಮೀಟರಿನ ಒಳಗೇ ಇದೆಯೆಂದು ಬರೆದಿತ್ತು. ಅಲ್ಲಿ ಇದ್ದದ್ದು ಒಂದೇ ಮನೆ, ಸೆಲಿನ್ ಬಾಯಿ ಮತ್ತು ಅವಳ ಗಂಡ ಪಾಸ್ಕಲ್ ಅವರದು. ಸೆಲಿನ್ ಬಾಯಿ ಹುಟ್ಟಿದ್ದೂ ಆ ಕುದ್ರುವಿನಲ್ಲೇ. ಪಾಸ್ಕಲ್ ಮಾಮನಿಗೆ ಸೊಂಟದಿಂದ ಕೆಳಗೆ ಬಲವಿಲ್ಲ. ಹನ್ನೆರಡು ವರ್ಷದಿಂದ ಜಗಲಿಯ ಬೆತ್ತದ ಕುರ್ಚಿಯೇ ಅವರ ಲೋಕ. ತಿಂಗಳಲ್ಲಿ ಒಂದೆರಡು ಭಾನುವಾರ ಅವರಲ್ಲಿ ತಿಂಡಿ ತಿಂದು ಹರಟಿ ಬರುವುದು ನಮ್ಮ ರೂಢಿ.

ನಾವು ಎಂಟೂವರೆಗೆ ಅಲ್ಲಿ ಇಳಿದೆವು. ಯಂತ್ರ ನೋಡಿದೆ: ಧಕ್ಕೆಗೆ ೧.೮. ದೋಣಿಯನ್ನು ತೆಂಗಿನ ಮರಕ್ಕೆ ಕಟ್ಟಿ ಜಗಲಿ ಹತ್ತುವಷ್ಟರಲ್ಲಿ ಮಂಜು ಮುಸುಕತೊಡಗಿತು. ಚಳಿಗಾಲದ ಮಂಜು ನಮ್ಮಲ್ಲಿ ಹೊಸದಲ್ಲ. ಆದರೆ ಅಂದಿನದು ನೀರಿನಿಂದಲೇ ಎದ್ದ ಹಾಗೆ ಎದ್ದು, ನೋಡನೋಡುತ್ತಿದ್ದಂತೆ ಅಂಗಳದ ಬಿದಿರನ್ನೂ ಅದರ ತುದಿಯ ಕೆಂಪು ಬಟ್ಟೆಯನ್ನೂ ನುಂಗಿತು.

"ಇದು ಹೋಗುವವರೆಗೆ ಕೂತುಕೊಳ್ಳಿ," ಎಂದು ಸೆಲಿನ್ ಬಾಯಿ ದೋಸೆ ಹಾಕಲು ಒಳಗೆ ಹೋದಳು. ಅಣ್ಣ ಪಾಸ್ಕಲ್ ಮಾಮನ ಪಕ್ಕ ಕುಳಿತು ಹಳೆಯ ಲಾಂಚಿನ ಕಥೆ ತೆಗೆದ. ನಾನು ಸುಮ್ಮನೆ ಕೊರಳಿನ ಯಂತ್ರವನ್ನು ಒತ್ತಿದೆ.

ಧಕ್ಕೆಗೆ ೧.೯.

ಆರಂಭದಲ್ಲಿ ಅಷ್ಟು ಹೆಚ್ಚುಕಡಿಮೆ ಇರುತ್ತದೆ ಎಂದುಕೊಂಡೆ. ಎರಡು ದೋಸೆ ತಿಂದೆ. ಮತ್ತೆ ನೋಡಿದಾಗ ೨.೧. ಯಂತ್ರವನ್ನು ಆರಿಸಿ ಮತ್ತೆ ಹಾಕಿದೆ. ಅಂಗಳಕ್ಕಿಳಿದು ಮರಗಳಿಲ್ಲದ ಕಡೆ ನಿಂತು ಆಕಾಶಕ್ಕೆ ಹಿಡಿದೆ. ೨.೨. ಇನ್ನೊಂದು ಗುರುತನ್ನು ತೆಗೆದೆ. ಕಲ್ಲುಕಂಬಕ್ಕೆ ೧.೮. ಎರಡನ್ನು ಕೂಡಿಸಿದರೆ ಸರಿಯಾಗಿ ನಾಲ್ಕು. ಒಂದು ಕಡೆ ಹೆಚ್ಚಿದಷ್ಟೇ ಇನ್ನೊಂದು ಕಡೆ ಕಡಿಮೆಯಾಗುತ್ತಿತ್ತು. ನನ್ನ ಕಾಲ ಕೆಳಗೆ ನೆಲ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಗಾಳಿ ಇರಲಿಲ್ಲ.

"ಅಣ್ಣ, ಕುದ್ರು ಹೋಗ್ತಾ ಉಂಟು," ಎಂದೆ.

ಸೆಲಿನ್ ಬಾಯಿ ಸೌಟು ಹಿಡಿದೇ ಹೊರಗೆ ಬಂದಳು.

"ಹಗಲಲ್ಲಿ?" ಎಂದ ಅಣ್ಣ.

"ಹಗಲಲ್ಲೇ. ಅಳಿವೆ ಕಡೆಗೆ. ನೋಡು ಬೇಕಾದ್ರೆ."

ಅವನು ಯಂತ್ರವನ್ನು ನೋಡಲಿಲ್ಲ. ನನ್ನ ತೋಳು ಹಿಡಿದು ದಡಕ್ಕೆ ಕರೆದೊಯ್ದ. ದಡದ ಪಕ್ಕ ನೀರಿನಲ್ಲಿ ಒಂದು ಹಲಸಿನ ಎಲೆ ತೇಲುತ್ತಿತ್ತು. "ಎಲೆ ನೋಡು. ಇದ್ದಲ್ಲೇ ಉಂಟು. ಕುದ್ರು ಹೋಗುದಾದ್ರೆ ಎಲೆ ಹಿಂದೆ ಬೀಳಬೇಕಲ್ವಾ? ಅಗ್ಗದ ಸಾಮಾನು ತಂದು ಆ ಮುದುಕರನ್ನು ಯಾಕೆ ಹೆದರಿಸ್ತಿ?"

ಎಲೆ ನಿಜಕ್ಕೂ ಕದಲಿರಲಿಲ್ಲ. ಒಂದು ಕ್ಷಣ ನನಗೂ ನಾಚಿಕೆಯಾಯಿತು. ಆಮೇಲೆ ಹೊಳೆಯಿತು: ಬೆಳಿಗ್ಗೆಯಿಂದ ಇಳಿತ. ನೀರೆಲ್ಲ ಸಮುದ್ರಕ್ಕೆ ಇಳಿಯುವ ಹೊತ್ತು. ನೀರು ಹೋಗುತ್ತಿದ್ದರೆ ಎಲೆಯೂ ಹೋಗಬೇಕು. ಅದು ನಮ್ಮ ಪಕ್ಕದಲ್ಲೇ ನಿಂತಿದೆ ಎಂದರೆ ಎಲೆಯೂ ನಾವೂ ಒಟ್ಟಿಗೇ ಹೋಗುತ್ತಿದ್ದೇವೆ. ಇದನ್ನು ಅಣ್ಣನಿಗೆ ಹೇಳಿದೆ.

ಅವನ ಮುಖದ ಬಣ್ಣ ಬದಲಾಯಿತು. ಮೂವತ್ತೊಂದು ವರ್ಷ ನೀರಿಳಿಯುವ ಇಳಿತವನ್ನೂ ನೀರೇರುವ ಭರತವನ್ನೂ ಅರೆದು ಕುಡಿದವನಿಗೆ ಇದನ್ನು ತಂಗಿ ಹೇಳಬೇಕಾಗಿ ಬಂದಿತ್ತು. ಅವನು ದೋಣಿಯಿಂದ ಉದ್ದನೆಯ ಬಿದಿರಿನ ಗಳವನ್ನು ಎಳೆದು ತಂದ. ದಡದಂಚಿನಲ್ಲಿ ನಿಂತು ತಳದ ಕೆಸರಿಗೆ ಬಲವಾಗಿ ಊರಿದ. ಗಳ ನಮ್ಮಿಂದ ಒಂದು ಮೊಳ ದೂರದಲ್ಲಿ ನೆಟ್ಟಗೆ ನಿಂತಿತು. "ಇದು ತಳಕ್ಕೆ ಹೋಗಿದೆ. ಇದು ಎಲ್ಲಿಗೂ ಹೋಗುದಿಲ್ಲ," ಎಂದ. ಅದು ನನಗೆ ಹೇಳಿದ್ದೋ ತನಗೆ ಹೇಳಿಕೊಂಡದ್ದೋ ತಿಳಿಯಲಿಲ್ಲ.

ನಾವು ನೋಡುತ್ತ ನಿಂತೆವು. ಒಂದು ಮೊಳ ಎರಡಾಯಿತು. ಎರಡು ಮೊಳ ಒಂದು ಮಾರಾಯಿತು. ಗಳದ ಬುಡದಲ್ಲಿ ನೀರು ಸೀಳಿ ಸಣ್ಣ ಜಡೆಯಾಗಿ ಹರಿಯುವುದು ಕಾಣಿಸಿತು. ಸ್ವಲ್ಪ ಹೊತ್ತಿನಲ್ಲಿ ಗಳ ಮಂಜಿನೊಳಗೆ ಮಸುಕಾಯಿತು. ಆಮೇಲೆ ಅದು ಅಲ್ಲಿ ಇರಲೇ ಇಲ್ಲ.

ಅಣ್ಣ ಅದು ಇದ್ದ ದಿಕ್ಕಿಗೇ ನೋಡುತ್ತ, "ಈಗ ಎಷ್ಟು?" ಎಂದು ಕೇಳಿದ.

"ಧಕ್ಕೆಗೆ ಎರಡೂವರೆ. ಕಂಬಕ್ಕೆ ಒಂದೂವರೆ."

"ಹೊರಡುವ," ಎಂದ.

ಸೆಲಿನ್ ಬಾಯಿ ಒಪ್ಪಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು. "ಐವತ್ತೆಂಟು ವರ್ಷ ಇಲ್ಲಿದ್ದೇನೆ. ಕುದ್ರು ಎಲ್ಲಿಗೆ ಹೋದ್ರೂ ಅಳಿವೆ ದಾಟಿಲ್ಲ. ಅದಕ್ಕೆ ಗೊತ್ತುಂಟು. ಅಚ್ಯುತಣ್ಣ, ನೀವೇ ಅಲ್ವಾ ಹೇಳುದು, ಹಗಲಲ್ಲಿ ಕಲ್ಲಿದ್ದ ಹಾಗೆ ಅಂತ? ಈಗ ಈ ಡಬ್ಬಿ ಹೇಳ್ತದೆ ಅಂತ ಮನೆ ಬಿಡುದಾ? ಇವರನ್ನು ಎತ್ತಿಕೊಂಡು ಈ ಮಂಜಲ್ಲಿ ಎಲ್ಲಿಗೆ ಹೋಗುದು?"

ಆಗ ಕುರ್ಚಿಯಿಂದ ಪಾಸ್ಕಲ್ ಮಾಮ ಮಾತಾಡಿದರು. ಅವರು ಹೆಚ್ಚು ಮಾತಿನವರಲ್ಲ.

"ಸೆಲಿನ್, ಸಮುದ್ರದ ಶಬ್ದ ನಂಗೆ ಆಗಿನಿಂದ ಕೇಳ್ತಾ ಉಂಟು. ಮೊದಲು ಸಣ್ಣಕ್ಕೆ ಇತ್ತು. ಈಗ ದೊಡ್ಡದಾಗಿದೆ."

"ನೀವು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ನನ್ನನ್ನು ಎತ್ತಲಿಕ್ಕೆ ನೋಡ್ತಿದ್ದಿ. ಒಬ್ಬಳಿಂದ ಆಗುದಿಲ್ಲ. ಇವತ್ತು ಇವರಿದ್ದಾರೆ."

ಎಲ್ಲರೂ ಕಿವಿಗೊಟ್ಟೆವು. ಆಗ ನನಗೂ ಕೇಳಿಸಿತು: ದೂರದಲ್ಲಿ ಯಾರೋ ಬಿಡದೆ ಮರಳು ಸುರಿಯುತ್ತಿರುವಂಥ ಸದ್ದು.

ಕುರ್ಚಿಯ ಸಮೇತ ಅವರನ್ನು ಮೂವರೂ ಎತ್ತಿದೆವು. ಅಂಗಳದ ಮೆಟ್ಟಿಲಲ್ಲಿ ಒಮ್ಮೆ ನನ್ನ ಕೈ ಜಾರಿತು, ಮಾಮ ಬೀಳುವುದರಲ್ಲಿದ್ದರು. ಅವರೇ "ನಿಧಾನ, ನಿಧಾನ," ಎಂದು ನನಗೆ ಧೈರ್ಯ ಹೇಳಿದರು. ದೋಣಿಯ ನಡುವೆ ಅವರನ್ನು ಇಳಿಸಿ ಕುರ್ಚಿಯನ್ನು ದಡದಲ್ಲೇ ಬಿಟ್ಟೆವು. ಸೆಲಿನ್ ಬಾಯಿ ಕೊನೆಗೆ ಹತ್ತಿದಳು, ಕೈಯಲ್ಲಿ ಗಂಡನ ಮಾತ್ರೆಯ ಡಬ್ಬಿಯೊಂದೇ. ನಾಲ್ವರ ಭಾರಕ್ಕೆ ದೋಣಿ ನೀರಿನೊಳಕ್ಕೆ ಕುಸಿಯಿತು. ಅಂಚಿಗೂ ನೀರಿಗೂ ಒಂದು ಗೇಣು ಉಳಿಯಿತು.

ಹೊರಟಾಗ ಧಕ್ಕೆಗೆ ೨.೯ ಇತ್ತು. ಎಂಜಿನ್ ಒಳ್ಳೆಯ ಸದ್ದು ಮಾಡಿ ಓಡಿತು. ಬಾಣ ನೆಟ್ಟಗೆ ನಿಂತಿತು. ನಾನು "ಸ್ವಲ್ಪ ಎಡಕ್ಕೆ, ಸಾಕು, ನೇರ," ಎನ್ನುತ್ತಿದ್ದೆ, ಅಣ್ಣ ತಿರುಗಿಸುತ್ತಿದ್ದ. ೨.೮. ಇಷ್ಟೇ ಎಂದುಕೊಂಡೆ. ಆಗ ಎಂಜಿನ್ ಒಮ್ಮೆ ಕೆಮ್ಮಿ ನಿಂತುಬಿಟ್ಟಿತು.

ಅಣ್ಣ ಬಗ್ಗಿ ನೋಡಿದ. ಯಾರೋ ಬಿಟ್ಟ ಹರಕು ಬಲೆ ಎಂಜಿನ್ನಿನ ರೆಕ್ಕೆಗಳಿಗೆ ಸುತ್ತಿಕೊಂಡಿತ್ತು. ಸೊಂಟದ ಚೂರಿ ತೆಗೆದು ಹಿಂಬದಿಗೆ ಬೋರಲಾಗಿ ಮಲಗಿ ಕೊಯ್ಯತೊಡಗಿದ. ದೋಣಿ ಮೆಲ್ಲಗೆ ತಿರುಗಿತು. ಎರಡು ಕ್ಷಣದಲ್ಲಿ ಮೂತಿ ಯಾವ ಕಡೆಗಿತ್ತು ಎನ್ನುವುದೇ ತಿಳಿಯದಾಯಿತು. ಯಂತ್ರದ ಬಾಣ ಗಿರಗಿರನೆ ಸುತ್ತುತ್ತಿತ್ತು. ಸುತ್ತಲೂ ಬಿಳಿ. ಸಮುದ್ರದ ಸದ್ದು ಎಲ್ಲ ಕಡೆಯಿಂದ ಬರುತ್ತಿತ್ತು.

ಧಕ್ಕೆಗೆ ೩.೦. ನೋಡುತ್ತಿದ್ದಂತೆ ೩.೧.

"ಹುಟ್ಟು ಹಾಕಿ," ಎಂದ ಅಣ್ಣ ಬಗ್ಗಿದಲ್ಲಿಂದಲೇ.

"ಯಾವ ಕಡೆಗೆ?"

ಅವನಿಗೂ ಗೊತ್ತಿರಲಿಲ್ಲ. ನನಗೆ ಅರ್ಥವಾದದ್ದು ಇಷ್ಟೇ: ಹೋಗದೆ ದಿಕ್ಕು ತಿಳಿಯುವುದಿಲ್ಲ. ತಪ್ಪು ಕಡೆಗಾದರೂ ಹೋಗಿಯೇ ತಿಳಿಯಬೇಕು. ತಪ್ಪಿದರೆ ನಮ್ಮ ಕೈಯಾರೆ ನಾವೇ ಅಳಿವೆಗೆ ಹತ್ತಿರವಾಗುತ್ತೇವೆ. ಸೆಲಿನ್ ಬಾಯಿ ಆಗಲೇ ಒಂದು ಹುಟ್ಟು ಹಿಡಿದಿದ್ದಳು. ನಾನು ಇನ್ನೊಂದನ್ನು ಹಿಡಿದು, ಯಂತ್ರವನ್ನು ಪಾಸ್ಕಲ್ ಮಾಮನ ಕೈಗೆ ಕೊಟ್ಟೆ. "ಮಾಮ, ಮೇಲಿನ ಅಂಕಿ ಓದ್ತಾ ಇರಿ. ಬೇರೆ ಎಂತದೂ ನೋಡಬೇಡಿ."

ಇಪ್ಪತ್ತು ಸಲ ಹುಟ್ಟು ಹಾಕಿದೆವು. ಸೆಲಿನ್ ಬಾಯಿ ಕೊಂಕಣಿಯಲ್ಲಿ ಎಣಿಸುತ್ತಿದ್ದಳು, ಪ್ರಾರ್ಥನೆಯ ಹಾಗೆ.

"ಮೂರು ಪಾಯಿಂಟ್ ಎರಡು," ಎಂದರು ಮಾಮ. "ಮೂರು ಪಾಯಿಂಟ್ ಮೂರು."

ತಪ್ಪು. ದೋಣಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದೆವು. ಮತ್ತೆ ಇಪ್ಪತ್ತು. ನನ್ನ ಅಂಗೈಯ ಚರ್ಮ ಸುಲಿದಿತ್ತು, ಅದು ಆಮೇಲೆ ತಿಳಿದದ್ದು.

"ಮೂರು ಪಾಯಿಂಟ್ ಮೂರು."

"ಸರಿಯಾಗಿ ನೋಡಿ ಮಾಮ!"

"ಅಷ್ಟೇ. ಮೂರು ಪಾಯಿಂಟ್ ಮೂರರಲ್ಲೇ ನಿಂತಿದೆ."

ಇಳಿತದ ಎದುರು ನಾವಿಬ್ಬರು ಹೆಂಗಸರು ದೋಣಿಯನ್ನು ಹಿಡಿದು ನಿಲ್ಲಿಸಿದ್ದೆವು, ಅಷ್ಟೇ. ಮುಂದಕ್ಕೆ ಹೋಗುತ್ತಿರಲಿಲ್ಲ, ಹಿಂದಕ್ಕೂ ಹೋಗುತ್ತಿರಲಿಲ್ಲ. ಆದರೆ ದಿಕ್ಕು ಸಿಕ್ಕಿತ್ತು. ಎಷ್ಟು ಹೊತ್ತು ಹಾಗೆ ಹಾಕಿದೆವೋ ಕಾಣೆ. ಸೆಲಿನ್ ಬಾಯಿಯ ಉಸಿರು ಸಿಳ್ಳೆ ಹಾಕುತ್ತಿತ್ತು. ಒಮ್ಮೆ ಅವಳು ನಿಲ್ಲಿಸಿದಾಗ ಮಾಮ ಮೆಲ್ಲನೆ, "ಮೂರು ಪಾಯಿಂಟ್ ನಾಲ್ಕು," ಎಂದರು. ಅವಳು ಮತ್ತೆ ಬಾಗಿದಳು.

ಕೊನೆಗೆ ಅಣ್ಣ ಬಲೆಯ ಗಂಟನ್ನು ಕಿತ್ತು ಎಸೆದ. ಮೂರನೆಯ ಎಳೆತಕ್ಕೆ ಎಂಜಿನ್ ಹಿಡಿಯಿತು. ಹುಟ್ಟು ಬಿಟ್ಟು ಯಂತ್ರವನ್ನು ನನ್ನ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ದೋಣಿ ಮತ್ತೆ ತಿರುಗಿತ್ತು. ದೋಣಿ ಓಡಿದ ಕೂಡಲೇ ಬಾಣ ನಡುಗಿ ನಿಂತಿತು. "ಬಲಕ್ಕೆ," ಎಂದೆ.

ಅಣ್ಣ ತಿರುಗಿಸಲಿಲ್ಲ. "ಬಲಕ್ಕೆ ಸಮುದ್ರ. ಕೇಳುದಿಲ್ವಾ ನಿಂಗೆ?"

ನಿಜ. ಅಲೆಯ ಅಬ್ಬರ ಈಗ ಬಲಗಡೆಯಿಂದಲೇ ಬರುತ್ತಿತ್ತು. ಎದೆಗೆ ಬಡಿಯುವಷ್ಟು ಹತ್ತಿರವಾಗಿ. ಎಡಕ್ಕೆ ಹೋದರೆ ಶಾಂತ. ಕಿವಿ ಇರುವ ಯಾರೂ ಬಲಕ್ಕೆ ಹೋಗುತ್ತಿರಲಿಲ್ಲ. ಮಂಜಿನಲ್ಲಿ ಸದ್ದು ಮೋಸ ಮಾಡುತ್ತದೆ ಎಂದು ಅವನೇ ನನಗೆ ಚಿಕ್ಕಂದಿನಲ್ಲಿ ಹೇಳಿದ್ದ. ಕುದ್ರುವಿನ ಮರಗಳಿಗೆ ತಾಗಿ ತಿರುಗಿ ಬರುವ ಸದ್ದು ಅದಾಗಿದ್ದೀತು. ಆಗದೆಯೂ ಇದ್ದೀತು. ನನ್ನಲ್ಲಿ ಇದ್ದದ್ದು ಅಂಗೈಯಗಲದ ಹಳದಿ ಡಬ್ಬಿ ಮಾತ್ರ. ಎರಡು ವಾರದ ಪರಿಚಯ.

"ಬಲಕ್ಕೆ ಅಣ್ಣ," ಎಂದೆ ಮತ್ತೆ.

ಅವನು ನನ್ನನ್ನು ನೋಡಿದ. ಅಷ್ಟು ಮುದುಕನಾಗಿ ಅವನನ್ನು ನಾನು ಎಂದೂ ನೋಡಿರಲಿಲ್ಲ. "ನಂಗೆ ನೋಡಿದ್ರೆ, ಕೇಳಿದ್ರೆ ಕೈ ಎಡಕ್ಕೇ ಹೋಗ್ತದೆ ವಾರಿಜ," ಎಂದ. "ನಾನು ಕಣ್ಣು ಮುಚ್ಚಿಕೊಳ್ತೇನೆ. ನೀನು ಗಟ್ಟಿ ಹೇಳು. ನಿನ್ನ ಸ್ವರ ಒಂದೇ ಕೇಳಬೇಕು ನಂಗೆ."

ಅವನು ಕಣ್ಣು ಮುಚ್ಚಿಕೊಂಡ. ನಾನು ಕಿರುಚಿ ಹೇಳಿದೆ. ಅವನ ಕೈ ತಿರುಗಿತು. ದೋಣಿ ಅಬ್ಬರದ ಕಡೆಗೇ ನುಗ್ಗಿತು. ಸೆಲಿನ್ ಬಾಯಿ ಗಂಡನ ತಲೆಯನ್ನು ಎದೆಗೆ ಒತ್ತಿಕೊಂಡಳು. ೩.೪. ೩.೪. ಅಂಕಿ ಬದಲಾಗಲೇ ಇಲ್ಲ ಎನ್ನಿಸಿತು. ಯಂತ್ರ ಕೆಟ್ಟುಹೋಗಿರಬೇಕು, ನಾನೇ ನಾಲ್ಕು ಜೀವಗಳನ್ನು ಕೊಲ್ಲುತ್ತಿದ್ದೇನೆ ಎನ್ನಿಸಿತು. ಆಗ ೩.೩. ಆಮೇಲೆ ೩.೨. ಅಬ್ಬರ ಇದ್ದಕ್ಕಿದ್ದಂತೆ ಬೆನ್ನಿನ ಹಿಂದೆ ಹೋಯಿತು, ಯಾರೋ ಬಾಗಿಲು ಎಳೆದುಕೊಂಡ ಹಾಗೆ.

ಧಕ್ಕೆಯ ಪಾಚಿಗಟ್ಟಿದ ಮೆಟ್ಟಿಲುಗಳು ಹತ್ತು ಮಾರು ದೂರದಲ್ಲಿ ಮಂಜಿನಿಂದ ಹೊರಬಂದಾಗಲೂ ಅಣ್ಣ ಕಣ್ಣು ತೆರೆದಿರಲಿಲ್ಲ. "ಬಂತು," ಎಂದು ನಾನು ಅವನ ಮೊಣಕಾಲು ಮುಟ್ಟಬೇಕಾಯಿತು.

ಹನ್ನೆರಡು ಗಂಟೆಗೆ ಮಂಜು ಹರಿಯಿತು. ಆ ಹೊತ್ತಿಗೆ ಧಕ್ಕೆಯಲ್ಲಿ ಅರ್ಧ ಊರು ಸೇರಿತ್ತು. ಗುಮಾಸ್ತನ ದುರ್ಬೀನು ಬೇಕಾಗಲಿಲ್ಲ. ಅಳಿವೆಯ ಕಲ್ಲುಕಂಬದ ಆಚೆ, ಮುರಿಯುವ ಅಲೆಗಳ ಬಿಳಿ ಗೆರೆಯ ಮೇಲೆ ಹುಣಸೆಕುದ್ರು ದಾಟುತ್ತಿತ್ತು. ಮರಗಳು ನೆಟ್ಟಗೇ ಇದ್ದವು. ಹಂಚಿನ ಮನೆ ಇದ್ದ ಹಾಗೇ ಇತ್ತು. ಒಮ್ಮೆ ಅದು ಒಂದು ಬದಿಗೆ ವಾಲಿತು, ಮತ್ತೆ ನೇರವಾಯಿತು. ಆಮೇಲೆ ತೆರೆದ ಸಮುದ್ರದಲ್ಲಿ ಸಣ್ಣದಾಗುತ್ತ ಹೋಯಿತು.

ಸೆಲಿನ್ ಬಾಯಿ ಅಳಲಿಲ್ಲ. ಗಂಡನ ಕಡೆ ತಿರುಗಿ, "ನಾನು ಬಾಗಿಲು ಹಾಕಿದ್ದೆನಾ?" ಎಂದು ಕೇಳಿದಳು.

"ಹಾಕಿದ್ದಿ," ಎಂದರು ಪಾಸ್ಕಲ್ ಮಾಮ. ನಾವು ಹಾಕಿರಲಿಲ್ಲ.

ಜನರ ನಡುವೆ ಗುಸುಗುಸು ಎದ್ದಿತು. ಹುಣಸೆಕುದ್ರು ಹಳೆಯದು, ಅದರ ಬೇರು ಸಡಿಲಾಗಿರಬೇಕು, ಉಳಿದವಕ್ಕೆ ಹಾಗೆ ಆಗುವುದಿಲ್ಲ ಎಂದು ಯಾರೋ ಹೇಳಿದರು. ಮಂಜು ಇತ್ತಲ್ಲ, ಕುದ್ರು ರಾತ್ರಿ ಎಂದುಕೊಂಡಿರಬೇಕು ಎಂದು ಇನ್ನೊಬ್ಬರು. ಹೌದು ಹೌದು ಎಂದು ಹಲವರು ತಲೆಯಾಡಿಸಿದರು. "ಅಚ್ಯುತಣ್ಣ, ನೀವು ಹೇಳಿ," ಎಂದು ಗುಮಾಸ್ತ ಕೇಳಿದ. ಎಲ್ಲರೂ ಅಣ್ಣನ ಕಡೆ ತಿರುಗಿದರು. ಅವನು ಹೌದು ಎಂದುಬಿಟ್ಟಿದ್ದರೆ ಮನೆಗೆ ಹೋಗಿ ಊಟ ಮಾಡಲು ಎಲ್ಲರೂ ಸಿದ್ಧರಿದ್ದರು.

ಅಣ್ಣ ಒದ್ದೆ ಪಂಚೆಯನ್ನು ಹಿಂಡುತ್ತ ನಿಂತಿದ್ದ. "ಭರತ ಎಷ್ಟು ಹೊತ್ತಿಗೆ ತುಂಬುತ್ತದೆ?" ಎಂದು ಗುಮಾಸ್ತನನ್ನು ತಿರುಗಿ ಕೇಳಿದ.

"ಸಂಜೆ ಆರೂವರೆಗೆ."

"ಅಂದ್ರೆ ಆರೂವರೆಯ ಮೇಲೆ ಮತ್ತೆ ಇಳಿತ. ಇನ್ನೂ ಮೂರು ಕುದ್ರುಗಳಲ್ಲಿ ಜನ ಇದ್ದಾರೆ." ಅವನು ದೋಣಿಗೆ ಇಳಿದು ನನ್ನ ಕಡೆ ಕೈ ಚಾಚಿದ. "ವಾರಿಜ, ಅದನ್ನು ಹಿಡ್ಕೊಂಡು ಬಾ. ಮೊಯ್ದಿನಬ್ಬ, ನಿನ್ನ ತಮ್ಮನಿಗೆ ದೊಡ್ಡ ದೋಣಿ ತರ್ಲಿಕ್ಕೆ ಹೇಳು."

ಕಾಗೆಕುದ್ರು ಹತ್ತಿರದಲ್ಲೇ ಇತ್ತು. ಅಲ್ಲಿ ನಾಲ್ಕು ಮನೆ. ನಮ್ಮ ಎಂಜಿನ್ನಿನ ಸದ್ದಿಗೆ ಗುಲಾಬಿ ಎನ್ನುವವಳು ದಡಕ್ಕೆ ಬಂದಳು. ಮೂವತ್ತರ ಹೆಂಗಸು, ಹೆಗಲ ಮೇಲೆ ಒಗೆದ ಬಟ್ಟೆಗಳು. ಅಣ್ಣ ದೋಣಿಯಲ್ಲೇ ನಿಂತು, ನಡೆದದ್ದನ್ನೆಲ್ಲ ಹೇಳಿದ. ಗಳ ಊರಿದ್ದು, ಎಲೆಯನ್ನು ನೋಡಿ ತಾನು ಮೋಸ ಹೋದದ್ದು, ಕಣ್ಣು ಮುಚ್ಚಿ ದೋಣಿ ನಡೆಸಿದ್ದು. ಯಾವುದನ್ನೂ ಬಿಡಲಿಲ್ಲ. ಹಿಂದೆ ಒಂದು ದಿನ ನಾಲ್ಕು ಗಂಟೆ ದಾರಿ ತಪ್ಪಿ ತಿರುಗಿದ್ದನ್ನೂ ಹೇಳಿದ. ನಾನು ತಲೆ ತಗ್ಗಿಸಿದೆ.

ಗುಲಾಬಿ ಕೇಳುತ್ತ ಕೇಳುತ್ತ ಬಟ್ಟೆಗಳನ್ನು ಬಿಗಿಯಾಗಿ ಹಿಡಿದುಕೊಂಡಳು. "ನಾನು ಮದುವೆಯಾಗಿ ಬರುವಾಗ ನಿಮ್ಮ ಲಾಂಚಲ್ಲೇ ಬಂದದ್ದು ಅಚ್ಯುತಣ್ಣ. ಅತ್ತು ಅತ್ತು ಬಂದಿದ್ದೆ. ಹಗಲಲ್ಲಿ ಹೆದರಬೇಡ ಅಂತ ಹೇಳಿದವರು ನೀವು. ಆ ಮಾತು ನಂಬಿ ಎರಡು ಮಕ್ಕಳನ್ನು ಇಲ್ಲಿ ಬೆಳೆಸಿದೆ."

"ಹೌದು," ಎಂದ ಅಣ್ಣ. "ನಾನೇ ಹೇಳಿದ್ದು. ನೋಡಿ ಹೇಳಿದ್ದಲ್ಲ, ಹಾಗೆ ಅಂದ್ಕೊಂಡು ಹೇಳಿದ್ದು. ತಪ್ಪಾಯ್ತು."

ಅವಳು ಬಯ್ಯುತ್ತಾಳೆ ಎಂದುಕೊಂಡೆ. ಇಲ್ಲವೇ ನಮ್ಮನ್ನು ಹೋಗಿ ಎನ್ನುತ್ತಾಳೆ ಎಂದುಕೊಂಡೆ. ಅವಳು ಒಗೆದ ಬಟ್ಟೆಗಳನ್ನು ಅಲ್ಲೇ ಹುಲ್ಲಿನ ಮೇಲೆ ಹಾಕಿ, ಸರಸರನೆ ಒಳಗೆ ಹೋದಳು. ಮರಳಿ ಬಂದಾಗ ಬೆನ್ನ ಮೇಲೆ ಅವಳ ಅತ್ತೆ ಇದ್ದಳು, ಹಕ್ಕಿಯಷ್ಟು ಹಗುರದ ಮುದುಕಿ. ಹಿಂದೆ ಸೆರಗು ಹಿಡಿದುಕೊಂಡು ಎರಡು ಹೆಣ್ಣುಮಕ್ಕಳು.

"ಇವರನ್ನು ಮೊದಲು ಕೂರಿಸಿಕೊಳ್ಳಿ," ಎಂದು ಗುಲಾಬಿ ಅತ್ತೆಯನ್ನು ಅಣ್ಣನ ಕೈಗೆ ಕೊಟ್ಟಳು. "ಉಳಿದ ಮನೆಯವರಿಗೆ ನಾನು ಹೇಳ್ತೇನೆ. ನಿಮ್ಮ ಮಾತಿಗೆ ಬರದಿದ್ದವರು ನನ್ನ ಬಾಯಿಗೆ ಹೆದರಿ ಬರ್ತಾರೆ."

ಅಣ್ಣ ಮುದುಕಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಗುಲಾಬಿ ಆಗಲೇ ಪಕ್ಕದ ಮನೆಯ ಅಂಗಳ ದಾಟುತ್ತ ಒಂದೊಂದೇ ಹೆಸರು ಹಿಡಿದು ಕೂಗುತ್ತಿದ್ದಳು.